ಶನಿವಾರದ ತೆಂಗಿನಕಾಯಿ

ಇಪ್ಪತ್ತೆಂಟನೆಯ ತಟ್ಟೆಯ ಮೇಲೆ ಹಿಟ್ಟು ಒತ್ತುತ್ತಿದ್ದಾಗ ಒಲೆ ಮತ್ತೆ ಹೊಗೆಯಾಡಿತು. ಮಲ್ಕಾಂತಿ ಶಾವಿಗೆ ಒತ್ತುವ ಒರಳನ್ನು ಮೊಣಕಾಲ ಮೇಲಿಟ್ಟುಕೊಂಡೇ ಬಾಗಿ ಊದುಕೊಳವೆಗೆ ಕೈ ಚಾಚಿದಳು. ದಾಲ್ಚಿನ್ನಿಯ ಸಿಪ್ಪೆ ಸುಲಿದು ಎಸೆದ ಕೋಲುಗಳು. ಒಣಗಿದ್ದರೆ ಬೆಂಕಿ ಪಟಪಟ ಹತ್ತುತ್ತದೆ, ಹಸಿಯಿದ್ದರೆ ಕಣ್ಣು ತೆಗೆಯುತ್ತದೆ. ಈ ಹೊರೆ ಅರ್ಧ ಹಸಿ. ಮೂರು ಸಲ ಊದಿದ ಮೇಲೆ ಜ್ವಾಲೆ ಎದ್ದಿತು. ಬೆತ್ತದ ಪುಟ್ಟ ತಟ್ಟೆಗಳನ್ನು ಒಂದರ ಮೇಲೊಂದು ಹಬೆಪಾತ್ರೆಯೊಳಗೆ ಇಟ್ಟು ಮುಚ್ಚಳ ಮುಚ್ಚಿ, ರವಿಕೆಯ ತೋಳಿನಿಂದ ಕಣ್ಣೊರೆಸಿಕೊಂಡಳು.

ಹದಿನೇಳು ವರ್ಷದಿಂದ ಅವಳು ಈ ಬೀದಿಗೆ ಬೆಳಗಿನ ಒತ್ತುಶಾವಿಗೆ, ಇಂದಿಯಾಪ್ಪ, ಮಾಡಿಕೊಡುತ್ತಿದ್ದಳು. ಗ್ಯಾಸ್ ಇದ್ದಾಗ ಆರೂವರೆಗೆಲ್ಲ ನಲವತ್ತು ಮನೆಯ ಪೊಟ್ಟಣ ಸಿದ್ಧ. ಈಗ ಇಪ್ಪತ್ತು ಮನೆ ಮುಗಿಸುವಷ್ಟರಲ್ಲಿ ಎಂಟು. ಶಾಲೆಗೆ, ಕೆಲಸಕ್ಕೆ ಹೋಗುವವರು ಎಂಟರವರೆಗೆ ಕಾಯುತ್ತಾರೆಯೇ? ಒಬ್ಬೊಬ್ಬರೇ ಬಿಟ್ಟುಹೋಗುತ್ತಿದ್ದರು. ಉಳಿದವರು ಹೊಗೆ ವಾಸನೆ ಎಂದು ಮೂಗು ಮುರಿಯುತ್ತಿದ್ದರು. ಒಂದು ಸಿಲಿಂಡರ್ ಸಿಕ್ಕಿದರೆ ಏಪ್ರಿಲ್ ತಿಂಗಳ ಹೊಸ ವರ್ಷದ ತನಕ ದಾಟಬಹುದಿತ್ತು. ಅದಕ್ಕಾಗಿಯೇ ಅವಳ ಗಂಡ ವಿಮಲದಾಸ ಒಂಬತ್ತು ದಿನದಿಂದ ಕೋಆಪರೇಟಿವ್ ಅಂಗಡಿಯ ಮೈದಾನದಲ್ಲಿ ಕ್ಯೂ ನಿಲ್ಲುತ್ತಿದ್ದ. ಇಂದೂ ಐದಕ್ಕೇ ಎದ್ದು, ಹಾಲಿಲ್ಲದ ಟೀಯನ್ನು ಬೆಲ್ಲದ ಚೂರಿನೊಂದಿಗೆ ಕುಡಿದು ಹೋಗಿದ್ದ.

ಹಿತ್ತಲ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಎದುರುಮನೆಯ ರೂಪಿಕಾ.

"ಅಕ್ಕಾ, ಒಳಗಿದೀರೋ, ಹೊಗೆಯಾಗಿ ಮೇಲೆ ಹೋದ್ರೋ?"

"ಬಾರೇ ತಂಗಿ. ಇನ್ನೂ ಇಲ್ಲೇ ಇದೀನಿ. ನಿನ್ನ ಪೊಟ್ಟಣ ಕಟ್ಟಿ ಇಟ್ಟಿದೀನಿ ನೋಡು, ಬಾಳೆಲೆ ಕೆಳಗೆ."

ರೂಪಿಕಾ ಪೊಟ್ಟಣ ಎತ್ತಿಕೊಳ್ಳಲಿಲ್ಲ. ಹೊಸ್ತಿಲ ಮೇಲೆ ಕುಳಿತು ಲಂಗವನ್ನು ಮೊಣಕಾಲಿಗೆ ಒತ್ತಿಕೊಂಡಳು. ಅವಳು ನಲವತ್ತರ ಹೆಂಗಸು. ಮಾತು ಮೊದಲು, ಯೋಚನೆ ಆಮೇಲೆ. ಅವಳ ಗಂಡ ಜಯತಿಲಕನಿಗೆ ಬೆಟ್ಟದ ಪಕ್ಕ ಎರಡು ಎಕರೆ ಚಹಾ ಇತ್ತು. ಸರ್ಕಾರ ಒಂದು ಬೆಳಗ್ಗೆ ಎದ್ದು ಇನ್ನು ದೇಶಕ್ಕೆ ರಸಗೊಬ್ಬರ ಬೇಡ, ಎಲ್ಲರೂ ಸಾವಯವ ಮಾಡಿ ಎಂದಿತು. ಆ ವರ್ಷವೇ ಎಲೆ ಹಳದಿಯಾಗಿ ಗಿಡ ಕುಗ್ಗಿಹೋಯಿತು. ಅದಾದಮೇಲೆ ಜಯತಿಲಕ ಮನೆಯಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ್ದ. ಅವನ ಪಾಲಿನದನ್ನೂ ರೂಪಿಕಾ ಆಡುತ್ತಿದ್ದಳು.

"ನೋಡಕ್ಕಾ, ಮೂರು ವರ್ಷದಲ್ಲಿ ನಮ್ಮನ್ನ ಐವತ್ತು ವರ್ಷ ಹಿಂದಕ್ಕೆ ಕರ್ಕೊಂಡು ಹೋದ್ರು. ಬೇರೆ ಏನೂ ಬರ್ದಿದ್ರೂ ಸ್ಪೀಡು ಮಾತ್ರ ಮೆಚ್ಚಬೇಕು. ಸೌದೆ ಒಲೆ ಬಂತು, ಸೀಮೆಎಣ್ಣೆ ಬುಡ್ಡಿ ಬಂತು. ಇನ್ನು ಸೊಪ್ಪು ಉಟ್ಕೊಳ್ಳೋದೊಂದು ಬಾಕಿ."

"ಅದಕ್ಕೂ ಕ್ಯೂ ಇರತ್ತೆ ಬಿಡು," ಅಂದಳು ಮಲ್ಕಾಂತಿ.

ಇಬ್ಬರೂ ನಕ್ಕರು. ಆಮೇಲೆ ರೂಪಿಕಾ ಬಂದ ಕೆಲಸ ಹೇಳಿದಳು. ಶನಿವಾರ ಬೀದಿಯ ಹೆಂಗಸರೆಲ್ಲ ಸಮುದ್ರದ ದಡದ ದೇವಾಲಯಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಪ್ರತಿಯೊಬ್ಬಳೂ ಒಂದೊಂದು ತೆಂಗಿನಕಾಯಿ ತರಬೇಕು. ಕರ್ಪೂರ ಹಚ್ಚಿ, ದೇವರ ಮುಂದೆ ಮೊರೆಯಿಟ್ಟು ಬಂಡೆಗೆ ಅಪ್ಪಳಿಸಿ ಬರುವುದು. ಅನ್ಯಾಯ ಮಾಡಿದವರ ಮೇಲೆ ಹಾಕುವ ಶಾಪದ ಕಾಯಿ. ಕಳ್ಳತನವಾದಾಗ, ಜಮೀನು ನುಂಗಿದಾಗ ಜನ ಅಲ್ಲಿಗೇ ಹೋಗುತ್ತಿದ್ದುದು. ದೇಶಕ್ಕಾಗಿ ಹೋಗುವುದು ಇದೇ ಮೊದಲು.

"ಕೊಲಂಬೋದಲ್ಲಿ ಹುಡುಗರು ರಸ್ತೇಲಿ ಕೂತು ಕೂಗ್ತಾ ಇದಾರೆ. ನಾವು ಅಲ್ಲಿಗೆ ಹೋಗೋಕೆ ಬಸ್ಸಿಗೆ ಡೀಸೆಲ್ ಇಲ್ಲ. ದೇವರ ಹತ್ರ ಆದ್ರೂ ಹೋಗೋಣ. ಏನು ಹೇಳಬೇಕು ಅಂತ ಎಲ್ಲರಿಗೂ ಒಂದೇ ಥರ ಕಲಿಸಿದೀನಿ, ಇಲ್ದಿದ್ರೆ ಒಬ್ಬೊಬ್ಬರು ಒಂದೊಂದು ಒದರ್ತಾರೆ. ಎರಡೇ ಮಾತು. 'ನಮ್ಮ ಅನ್ನ ಕಿತ್ಕೊಂಡು ಮೇಲೆ ಕೂತವರು ಕೆಳಗೆ ಬೀಳಲಿ.' ಇದು ಒಂದು. 'ಅವರನ್ನ ತಂದು ಕೂರಿಸಿದವರಿಗೂ ಇದೇ ಗತಿ ಬರಲಿ.' ಇದು ಎರಡು."

ಮಲ್ಕಾಂತಿಯ ಕೈ ಹಿಟ್ಟಿನ ಬೋಗುಣಿಯಲ್ಲೇ ನಿಂತಿತು.

"ತಂದು ಕೂರಿಸಿದವರು ಅಂದ್ರೆ? ವೋಟು ಹಾಕಿದವರೆಲ್ಲಾನಾ?"

"ವೋಟು ಹಾಕಿದವರಲ್ಲ ಅಕ್ಕಾ. ಹಾಗಂದ್ರೆ ಬೀದಿಯಲ್ಲಿ ಯಾರು ಉಳೀತಾರೆ, ನಮ್ಮ ಅತ್ತೇನೂ ಹಾಕಿದಾರೆ. ವೋಟು ಕೇಳ್ಕೊಂಡು ಮನೆಮನೆ ತಿರುಗಿದವರು."

ಹೇಳಿದ ಮೇಲೆ ಅವಳ ಕಣ್ಣು ತಾನಾಗಿ ಮುಂಬಾಗಿಲ ಕಡೆ ಹೋಯಿತು. ಅಲ್ಲಿ ವಿಮಲದಾಸನ ಬಟ್ಟೆಯ ಕುರ್ಚಿ ಖಾಲಿಯಿತ್ತು. ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎನ್ನುವುದು ಆಗ ಅವಳಿಗೂ ಹೊಳೆದಿರಬೇಕು. ಎದ್ದು ಲಂಗ ಕೊಡವಿಕೊಂಡಳು.

"ನಿಮಗೆ ಕಷ್ಟ ಅಂತ ನಂಗೆ ಗೊತ್ತು. ಆದ್ರೆ ಅತ್ತೆ ಕೇಳಲ್ಲ. ಆ ಎರಡನೇ ಮಾತು ಇಲ್ದಿದ್ರೆ ಬರೋದೇ ಇಲ್ಲ ಅಂತಾರೆ. ನೀವು ಬರದೇ ಇದ್ರೂ ಯಾರೂ ಏನೂ ಅನ್ನಲ್ಲ. ನಿಮ್ಮದೇನು ತಪ್ಪು? ಪಾಪ, ಗಂಡ ಎಲ್ಲಿ ತೋರಿಸಿದ್ರೋ ಅಲ್ಲಿ ಗುರುತು ಹಾಕಿರ್ತೀರಿ."

ಅವಳು ಹೋದಮೇಲೆ ಮುಚ್ಚಳ ತೆಗೆದರೆ ತಳದ ತಟ್ಟೆ ನೀರು ಕುಡಿದು ಮುದ್ದೆಯಾಗಿತ್ತು.

*

ವಿಮಲದಾಸ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವನು. ಊರ ಹೆಸರುಗಳನ್ನು ಕೂಗಿ ಕೂಗಿ ಅಗಲವಾದ ಗಂಟಲು ಅವನದು. ಮಕ್ಕಳಿಲ್ಲದ ಮನೆ. ಹಾಗಾಗಿ ನಿವೃತ್ತಿಯ ನಂತರ ಬೀದಿಯೇ ಅವನ ಸಂಸಾರ. ಯಾರಿಗೆ ಆಸ್ಪತ್ರೆಯ ಚೀಟಿ ಬೇಕು, ಯಾರ ಮನೆಯ ಮಗುವಿಗೆ ಶಾಲೆ ಸಿಗಲಿಲ್ಲ, ಎಲ್ಲಕ್ಕೂ ಅವನೇ ಅಣ್ಣ, ಎಲ್ಲರ ಬಾಯಲ್ಲೂ 'ವಿಮಲೇ ಅಯ್ಯಾ'. ಚುನಾವಣೆ ಬಂದಾಗ ಆ ಗಂಟಲನ್ನು ಪಕ್ಷದವರು ಕೇಳಿದರು. ಅವನು ಕೊಟ್ಟ. ಸಂಬಳಕ್ಕಲ್ಲ, ನಂಬಿ ಕೊಟ್ಟ. ಚರ್ಚುಗಳಲ್ಲಿ ಬಾಂಬು ಸಿಡಿದ ವರ್ಷ ಅದು. ಗಟ್ಟಿ ಕೈಯೊಂದು ಬಂದರೆ ದೇಶ ನೆಟ್ಟಗಾಗುತ್ತದೆ ಎಂದು ಎಲ್ಲರ ಬಾಯಲ್ಲೂ ಇತ್ತು. ಗೆದ್ದ ದಿನ ಬೀದಿಯ ತಿರುವಿನಲ್ಲಿ ಕಲ್ಲು ಹೂಡಿ, ದೊಡ್ಡ ಹಂಡೆಯಲ್ಲಿ ಹಾಲನ್ನ ಬೇಯಿಸಿ, ಹೋಗಿ ಬರುವ ಬಸ್ಸು ನಿಲ್ಲಿಸಿ ಹಂಚಿದ್ದ. ಬೀದಿ ಮರೆಯದೆ ಇಟ್ಟುಕೊಂಡದ್ದು ಆ ಹಾಲನ್ನವನ್ನು.

ಈಗ ಅವನು ಹಾದು ಹೋದರೆ ಹರಟೆಕಟ್ಟೆಯಿಂದ ದನಿ ಬರುತ್ತಿತ್ತು. "ವಿಮಲೇ ಅಯ್ಯಾ, ಮೇಲಕ್ಕೊಂದು ಫೋನ್ ಹಾಕಿ, ಸಿಲಿಂಡರ್ ಬೇಡ, ಬೆಂಕಿಪೊಟ್ಟಣ ಆದ್ರೂ ಕಳಿಸ್ಲಿ." ಅವನು ಮೊದಮೊದಲು ನಗುತ್ತಿದ್ದ. ಆಮೇಲೆ ಕೈ ಎತ್ತುತ್ತಿದ್ದ. ಇತ್ತೀಚೆಗೆ ಬೀದಿಯ ಇನ್ನೊಂದು ತುದಿಯಿಂದ ಸುತ್ತಿ ಹೋಗುತ್ತಿದ್ದ.

ಹನ್ನೊಂದಕ್ಕೆ ಮಲ್ಕಾಂತಿ ಅನ್ನ, ಬೇಳೆಸಾರು, ಒಂದಿಷ್ಟು ಒಣಚಟ್ನಿಯಂಥ ಕಾಯಿ ಸಂಬೋಲವನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಮೈದಾನಕ್ಕೆ ಹೊರಟಳು. ದಾರಿಯುದ್ದಕ್ಕೂ ಎರಡನೇ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಹೋಗದಿದ್ದರೆ ವಿಮಲದಾಸನ ಹೆಂಡತಿ ಇನ್ನೂ ಅವರ ಕಡೆಯೇ ಎನ್ನುತ್ತಾರೆ. ಬೀದಿ ಕೈಬಿಟ್ಟರೆ ತನ್ನ ಇಂದಿಯಾಪ್ಪ ಯಾರಿಗೆ, ತಾನಾದರೂ ಯಾರಿಗೆ? ಹೋದರೆ, ಮೂವತ್ನಾಲ್ಕು ವರ್ಷ ಪಕ್ಕದಲ್ಲಿ ಮಲಗಿದವನಿಗೆ ದೇವರ ಮುಂದೆ ತನ್ನ ಬಾಯಾರೆ ಶಾಪ ಹಾಕಬೇಕು.

ಮೈದಾನದಲ್ಲಿ ಸಿಲಿಂಡರುಗಳು ಮನುಷ್ಯರಿಗಿಂತ ಶಿಸ್ತಾಗಿ ನಿಂತಿದ್ದವು. ಒಂದರ ಕಿವಿಯಿಂದ ಇನ್ನೊಂದರ ಕಿವಿಗೆ ಸರಪಳಿ, ಹಗ್ಗ, ಹಳೆಯ ಸೈಕಲ್ ಬೀಗ. ಯಜಮಾನರು ಮಳೆಮರದ ನೆರಳಿನಲ್ಲಿ ಚದುರಿ ಕೂತಿದ್ದರು. ಬೆಳಗ್ಗೆ ಅಂಗಡಿಯವರು ನಂಬರಿನ ಚೀಟಿ ಕೊಡುತ್ತಾರೆ, ಲಾರಿ ಬಂದರೆ ಆ ನಂಬರಿನಂತೆ ಕರೆಯುತ್ತಾರೆ. ತಮ್ಮ ನೀಲಿ ಸಿಲಿಂಡರಿಗಾಗಿ ಅವಳು ಮುಂದಿನ ಸಾಲಿನಲ್ಲಿ ಹುಡುಕಿದಳು. ಸಿಗಲಿಲ್ಲ. ಅದು ಹಿಂದೆ, ಕೊನೆಯಿಂದ ಐದನೆಯದಾಗಿ ನಿಂತಿತ್ತು.

"ಬಾಮ್ಮಾ, ಇಲ್ಲಿ ಕೂತ್ಕೋ. ನಿನ್ನ ಗಂಡ ನೀರು ತರೋಕೆ ಹೋಗಿದಾನೆ." ಕೊಡೆ ಬಿಚ್ಚಿ ಮೊಗಚಿದ ಬಕೆಟ್ಟಿನ ಮೇಲೆ ಕೂತಿದ್ದವಳು ಪೋಸ್ಟಾಫೀಸಿನಿಂದ ನಿವೃತ್ತಳಾದ ಹೆಂಗಸು. ಊರೆಲ್ಲ ಅವಳನ್ನು ಪೋಸ್ಟ್ ನೋನಾ, ಪೋಸ್ಟಿನ ಅಮ್ಮ, ಎಂದೇ ಕರೆಯುತ್ತಿತ್ತು.

"ಒಂಬತ್ತು ದಿನ ಆಯ್ತು ನೋನಾ. ದಿನಾ ನಮ್ಮ ಮುಂದೇನೇ ಮುಗಿದುಹೋಗತ್ತಂತೆ. ನಮ್ಮ ಹಣೆಬರಹ."

ಪೋಸ್ಟ್ ನೋನಾ ಅವಳನ್ನು ಕನ್ನಡಕದ ಮೇಲಿಂದ ನೋಡಿದಳು. "ಹಾಗಂತ ಹೇಳಿದಾನಾ?"

"ಇಲ್ವಾ ಮತ್ತೆ?"

"ಅಯ್ಯೋ, ನಾನು ಬಾಯಿ ಮುಚ್ಕೊಂಡಿರ್ತೀನಿ ಅಂದಿದ್ದೆ." ಒಂದು ನಿಮಿಷವೂ ಮುಚ್ಚಿಕೊಂಡಿರಲು ಆಗಲಿಲ್ಲ. "ಎರಡು ಸಲ ಲಾರಿ ಬಂತು. ಎರಡು ಸಲಾನೂ ಅವನ ನಂಬರ್ ಬಂತು. ಮೊದಲನೇ ಸಲ ಚೀಟಿ ಆ ಟೈಲರ್ ಮಗಳಿಗೆ ಕೊಟ್ಟ, ಕೈಗೂಸಿನವಳು. ಅದು ಸರಿ ಅನ್ನು. ಮಂಗಳವಾರ ನಲವತ್ಮೂರು ನಂಬರ್ ಕೈಯಲ್ಲಿದೆ, ಅರವತ್ತು ಸಿಲಿಂಡರ್ ಇಳಿಸಿದಾರೆ. ನನ್ನ ಹತ್ರ ಬಂದು, 'ನೋನಾ, ಇದನ್ನ ಜಯತಿಲಕನಿಗೆ ಕೊಡಿ, ನನ್ನ ಹೆಸರು ಹೇಳಬೇಡಿ, ನಾನು ಕೊಟ್ರೆ ಅವನು ಹರಿದುಹಾಕ್ತಾನೆ' ಅಂದ. ನನ್ನ ಹತ್ರ ಒಂದು ಹೆಚ್ಚಿಗೆ ಇದೆ ಅಂತ ಸುಳ್ಳು ಹೇಳಿ ಕೊಟ್ಟೆ. ಎಪ್ಪತ್ತು ವರ್ಷ ಕಾಪಾಡ್ಕೊಂಡು ಬಂದ, ಸುಳ್ಳು ಹೇಳದ ಶೀಲ ನಿನ್ನ ಗಂಡನಿಂದ ಹೋಯ್ತು."

ಮಲ್ಕಾಂತಿಗೆ ಮೊದಲು ಬಂದದ್ದು ಸಿಟ್ಟು. ಮಂಗಳವಾರ ಸಂಜೆ ರೂಪಿಕಾ ಸಿಲಿಂಡರಿಗೆ ಅರಿಶಿನದ ನೀರು ಚಿಮುಕಿಸಿ, ಯಾವ ಜನ್ಮದ ಪುಣ್ಯವೋ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದಳು. ಅದೇ ಸಂಜೆ ತಾನು ಉರಿಯುವ ಕಣ್ಣಿಗೆ ಎದೆಹಾಲು ಹಾಕಿಸಿಕೊಳ್ಳಲು ಟೈಲರ್ ಮನೆಗೆ ಹೋಗಿದ್ದಳು. ಆ ಮಗಳು ಗ್ಯಾಸ್ ಒಲೆಯ ಪಕ್ಕದಲ್ಲೇ ಕೂತು ಹಾಕಿದ್ದಳು. ಒಂದು ಮಾತು ಹೇಳಿರಲಿಲ್ಲ. ಅವಳಿಗೂ ಹೇಳಬೇಡ ಎಂದಿದ್ದನೇನೋ.

ವಿಮಲದಾಸ ಬಾಟಲಿ ಹಿಡಿದು ಬಂದ. ಹೆಂಡತಿಯ ಮುಖ ನೋಡಿದ, ಪೋಸ್ಟ್ ನೋನಾಳನ್ನು ನೋಡಿದ. ನೋನಾ ಕೊಡೆಯನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು.

ಇಬ್ಬರೂ ಮರದ ಬುಡದಲ್ಲಿ ಕೂತರು. ಅವನು ಎಲೆ ಬಿಚ್ಚಿ, ಮೊದಲ ತುತ್ತನ್ನು ಬಾಯಿಗಿಡದೆ ಹಿಡಿದುಕೊಂಡೇ ಇದ್ದ.

"ತಿನ್ನಿ. ಆರಿಹೋಗತ್ತೆ."

"ನಿನಗೆ ತೊಂದ್ರೆ ಆಗ್ತಿದೆ ಅಂತ ಗೊತ್ತು ಕಾಂತಿ."

"ತೊಂದ್ರೆ? ನನ್ನ ಕಣ್ಣು ನೋಡಿ. ಮೀನಿನ ಕಣ್ಣಾಗಿದೆ. ಇಪ್ಪತ್ತು ಮನೆ ಬಿಟ್ಟುಹೋದ್ವು. ಊರಿಗೆಲ್ಲ ಚೀಟಿ ಹಂಚೋಕೆ ನೀವೇನು ಇನ್ನೂ ಕಂಡಕ್ಟರಾ?"

ಅವನು ತುತ್ತನ್ನು ಎಲೆಗೆ ಇಳಿಸಿದ. "ಆ ಚುನಾವಣೇಲಿ ವೋಟು ಕೇಳೋಕೆ ಜಯತಿಲಕನ ಮನೆಗೆ ಮೂರು ಸಲ ಹೋಗಿದ್ದೆ. ಅವನು ಬೇಡ ಅಯ್ಯಾ ಅಂದ. ನಾನೇ ತೋಟದಲ್ಲಿ ಅವನ ಭುಜದ ಮೇಲೆ ಕೈ ಹಾಕಿ, 'ಗೊಬ್ಬರ ಪುಕ್ಕಟೆ ಬರತ್ತೋ, ನಾನು ಹೇಳ್ತಾ ಇದೀನಿ' ಅಂದೆ. ನಾನು ಹೇಳ್ತಾ ಇದೀನಿ ಅಂದೆ, ಕಾಂತಿ. ಅವರು ಹೇಳಿದಾರೆ ಅಂತ ಕೂಡ ಅನ್ನಲಿಲ್ಲ. ಮೊನ್ನೆ ಆ ತೋಟದ ಮುಂದೆ ಹಾದುಹೋದೆ. ಆಡಿಗೆ ಮೇಯೋಕೂ ಎಲೆ ಇಲ್ಲ."

"ಗೊಬ್ಬರ ನಿಲ್ಲಿಸಿದ್ದು ನೀವಾ?"

"ನಿಲ್ಲಿಸಿದವರು ನಮ್ಮ ಬೀದಿಗೆ ಬರಲ್ಲ. ಜನ ಯಾರ ಮುಖ ನೋಡಬೇಕು? ನನ್ನದೇ ತಾನೇ ಇಲ್ಲಿರೋ ಮುಖ." ಬೆರಳಿನಿಂದ ಎಲೆಯ ಅಂಚು ಮಡಿಸಿದ. "ನಂಬರ್ ಕರೀತಾರೆ. ನಾನು ಸಿಲಿಂಡರ್ ಎತ್ಕೊಂಡು ಇಷ್ಟು ಜನದ ಮುಂದೆ ನಡೀಬೇಕು. ಕಾಲು ಬರಲ್ಲ. ಸುಳ್ಳಲ್ಲ, ನಿಜವಾಗ್ಲೂ ಬರಲ್ಲ."

ಮಲ್ಕಾಂತಿ ಅವನ ಕಾಲಿನ ಕಡೆ ನೋಡಿದಳು. ಬಿಸಿಲಿಗೆ ಕಂದಿದ ಪಾದ, ಹರಿದ ಚಪ್ಪಲಿಗೆ ತಂತಿಯ ಹೊಲಿಗೆ. ಚಲಿಸುವ ಬಸ್ಸಿನ ಮೆಟ್ಟಿಲ ಮೇಲೆ ಒಂಟಿಗಾಲಿನಲ್ಲಿ ಮೂವತ್ತೊಂದು ವರ್ಷ ನಿಂತ ಕಾಲು. ಅವಳ ಸಿಟ್ಟಿಗೆ ಎಲ್ಲಿ ಕೂರಬೇಕೆಂದು ತಿಳಿಯದಂತಾಯಿತು. ತಾನೇ ಒಂದು ತುತ್ತು ಕಲಸಿ ಅವನ ಕೈಗಿಟ್ಟಳು.

"ರೂಪಿಕಾಗೆ ಹೇಳಬೇಡ," ಅಂದ ಅವನು ತಿನ್ನುತ್ತಾ. "ಕೊಟ್ಟಿದ್ದನ್ನ ಹೇಳಿಕೊಂಡ್ರೆ ಅದೂ ಒಂಥರಾ ವೋಟು ಕೇಳಿದ ಹಾಗೇ ಆಗತ್ತೆ."

ಶನಿವಾರದ ವಿಷಯ ಅವಳ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. "ಸಂಬೋಲಕ್ಕೆ ಉಪ್ಪು ಸರಿಯಾಗಿದ್ಯಾ?" ಎಂದಷ್ಟೇ ಕೇಳಿದಳು.

"ಖಾರ ಹೆಚ್ಚು," ಅಂದ. "ಚೆನ್ನಾಗಿದೆ."

*

ಬಿಸಿಲಲ್ಲಿ ವಾಪಸ್ಸು ನಡೆಯುವಾಗ ಅವಳಿಗೆ ನೆನಪಾದದ್ದು ಬೇರೆಯೇ ಒಂದು ಬೆಳಗು. ಆ ಚುನಾವಣೆಯ ತಿಂಗಳು ಪಕ್ಷದ ಕಾಗದಗಳ ಕಟ್ಟು ಅವಳ ಅಡುಗೆಮನೆಯಲ್ಲೇ ಇರುತ್ತಿತ್ತು. ಪ್ರತಿ ಪೊಟ್ಟಣಕ್ಕೂ ಒಂದೊಂದನ್ನು ಮಡಿಸಿ ಸೇರಿಸಿ, "ಈ ಸಲ ನಮ್ಮವರಿಗೇ ನೋಡಮ್ಮಾ" ಎಂದು ಕೊಡುತ್ತಿದ್ದಳು. ನಲವತ್ತು ಮನೆ, ಮೂವತ್ತು ಬೆಳಗು. ಯಾರೂ ಅವಳಿಗೆ ಹಾಗೆ ಮಾಡು ಎಂದಿರಲಿಲ್ಲ. ವಿಮಲದಾಸನಿಗೆ ಅದು ಗೊತ್ತಾದದ್ದೇ ಒಂದು ವಾರದ ಮೇಲೆ. ಬಾಂಬಿನ ಸುದ್ದಿ ಕೇಳಿದ ದಿನದಿಂದ ಅವಳಿಗೆ ನಿದ್ದೆ ಸರಿಯಿರಲಿಲ್ಲ, ಗಟ್ಟಿ ಮನುಷ್ಯನೊಬ್ಬ ಬೇಕೆಂದು ಗಂಡನಿಗಿಂತ ಮೊದಲು ಬಯಸಿದ್ದು ಅವಳು. ಗುರುತು ಹಾಕುವಾಗ ಅವಳ ಕೈ ಗಟ್ಟಿಯಾಗಿ ಪೆನ್ಸಿಲ್ ಒತ್ತಿತ್ತು. ಹೊರಗೆ ಬಂದಾಗ ಆದ ಸಂತೋಷವೂ ಅವಳದೇ.

ಬೀದಿಗೆ ಅವನ ಗಂಟಲು ನೆನಪಿದೆ, ಅವಳ ಪೊಟ್ಟಣ ನೆನಪಿಲ್ಲ. ಹೆಂಗಸು ಹಿತ್ತಲ ಬಾಗಿಲಲ್ಲಿ ಹೇಳಿದ ಮಾತನ್ನು ಯಾರು ಲೆಕ್ಕಕ್ಕಿಡುತ್ತಾರೆ! ಬೆಳಗ್ಗೆ ರೂಪಿಕಾ ಪಾಪ ಎಂದಾಗ ಚುಚ್ಚಿದ್ದು ಅದೇ ಇರಬೇಕು ಎಂದು ಈಗ ಅನಿಸಿತು. ಕ್ಷಮೆಯೂ ಕೇಳದೆ ಸಿಕ್ಕ ಬಿಡುಗಡೆ. ಒಂಬತ್ತು ದಿನ ಆ ಬಿಡುಗಡೆಯನ್ನು ಹೊದ್ದುಕೊಂಡು ಅವಳು ನೆರಳಲ್ಲಿ ಕೂತಿದ್ದಳು, ಅವನು ಬಿಸಿಲಲ್ಲಿ ನಿಂತಿದ್ದ.

ತಿರುವಿನಲ್ಲಿ ರೂಪಿಕಾ ಗೇಟು ಹಿಡಿದು ಕಾಯುತ್ತಿದ್ದಳು.

"ಅಕ್ಕಾ, ಒಂದು ಮಾತು. ಬೆಳಗ್ಗೆಯಿಂದ ಮನಸ್ಸಿಗೆ ಸರಿಹೋಗ್ತಿಲ್ಲ. ನಾಳೆಯಿಂದ ನಿಮ್ಮ ಹಬೆಪಾತ್ರೆ ನಮ್ಮನೆಗೆ ತನ್ನಿ. ಐದರಿಂದ ಆರರವರೆಗೆ ನನ್ನ ಗ್ಯಾಸ್ ಒಲೆ ಖಾಲಿ ಇರತ್ತೆ. ನೀವು ಆ ಹೊಗೇಲಿ ಕಣ್ಣು ಕಳ್ಕೊಂಡ್ರೆ ನಂಗೆ ಬೆಳಗ್ಗೆ ಇಂದಿಯಾಪ್ಪ ಯಾರು ಕೊಡ್ತಾರೆ?"

ಮಲ್ಕಾಂತಿ ಊಟ ಒಯ್ದಿದ್ದ ಖಾಲಿ ಚೀಲವನ್ನು ಕೈಯಿಂದ ಕೈಗೆ ಬದಲಿಸಿದಳು. ಒಂದೇ ಮಾತು ಸಾಕಿತ್ತು. ಆ ಗ್ಯಾಸ್ ಯಾರದು ಗೊತ್ತೇನೇ ಎಂದರೆ ಸಾಕು, ಶನಿವಾರದ ಎರಡನೇ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು. ಅತ್ತೆಯ ಬಾಯಿ ಮುಚ್ಚುತ್ತಿತ್ತು. ಬೀದಿ ಅವನನ್ನು ಮತ್ತೆ ಅಯ್ಯಾ ಎನ್ನುತ್ತಿತ್ತು. ಆದರೆ ಅವನಿಗೆ ಬೇಕಾದದ್ದು ಅದಲ್ಲ. ಮರದ ಬುಡದಲ್ಲಿ ಎಲೆಯ ಮುಂದೆ ತಲೆತಗ್ಗಿಸಿ ಕೂತಿದ್ದ ಮುಖ ಕಣ್ಣೆದುರಿಗೆ ಬಂತು.

"ನಿನ್ನ ಗ್ಯಾಸ್ ಮುಗಿದುಹೋಗತ್ತಲ್ಲೇ."

"ಮುಗೀಲಿ ಬಿಡಿ. ಪುಣ್ಯದಿಂದ ಬಂದಿದ್ದು, ಪುಣ್ಯಕ್ಕೇ ಹೋಗ್ಲಿ." ರೂಪಿಕಾ ಅವಳ ಕೈಯಿಂದ ಖಾಲಿ ಚೀಲ ತೆಗೆದು, ಮಡಿಸಿ, ಮತ್ತೆ ಅವಳ ಕೈಗೇ ಕೊಟ್ಟಳು. "ಶನಿವಾರ...?"

"ಬರ್ತೀನಿ."

"ನಿಜವಾಗ್ಲೂ? ಬಲವಂತ ಇಲ್ಲ ಅಕ್ಕಾ. ಎರಡನೇದು ಹೇಳೋವಾಗ ಬೇಕಾದ್ರೆ ನೀವು ಸುಮ್ಮನಿರಿ, ನಾನು ಅತ್ತೆ ಪಕ್ಕ ನಿಂತು ಜೋರಾಗಿ ಹೇಳ್ತೀನಿ, ಗೊತ್ತಾಗಲ್ಲ."

"ಬರ್ತೀನಿ ಅಂದ್ನಲ್ಲ. ಎಷ್ಟು ಹೊತ್ತಿಗೆ ಹೊರಡೋದು?"

*

ಮಧ್ಯಾಹ್ನ ಕರೆಂಟ್ ಹೋಗಿ ಮನೆ ಸ್ತಬ್ಧವಾಗಿತ್ತು. ಮಲ್ಕಾಂತಿ ನಾಳೆಯ ಹಿಟ್ಟನ್ನು ಹುರಿಯಲು ಕೂತಳು. ಕೆಂಪಕ್ಕಿ ಹಿಟ್ಟು ಸೀಯದ ಹಾಗೆ ಕೈ ಆಡಿಸುತ್ತಲೇ ಇರಬೇಕು. ಆಡಿಸುತ್ತ ಆಡಿಸುತ್ತ ಶನಿವಾರದ ಬಂಡೆ, ಕರ್ಪೂರ, ಸಾಲಾಗಿ ನಿಂತ ಹೆಂಗಸರು, ಎಲ್ಲವನ್ನೂ ಮನಸ್ಸಿನಲ್ಲಿ ನಿಲ್ಲಿಸಿ ನೋಡಿದಳು.

ಮೊದಲನೆಯ ಮಾತನ್ನು ಅವಳು ಎಲ್ಲರಿಗಿಂತ ಜೋರಾಗಿ ಹೇಳುತ್ತಾಳೆ. ಅದರಲ್ಲಿ ಸಂಶಯವೇ ಇಲ್ಲ. ಹಳದಿಯಾದ ತೋಟಕ್ಕೆ, ಕಾಗದವಿಲ್ಲದೆ ನಿಂತ ಮಕ್ಕಳ ಪರೀಕ್ಷೆಗೆ, ಹಾಲಿನ ಪುಡಿ ಸಿಗದ ಬೀದಿಯ ಕೂಸುಗಳಿಗೆ, ಒಬ್ಬ ಒಳ್ಳೆಯ ಮನುಷ್ಯನ ಗಂಟಲನ್ನು ಎರವಲು ಪಡೆದು ಹಿಂದಿರುಗಿಸದೆ ಹೋದದ್ದಕ್ಕೆ. ಆ ಕಾಯಿ ಒಡೆಯದೆ ಉಳಿಯಲಾರದು.

ಎರಡನೆಯದಕ್ಕೆ ಸುಮ್ಮನಿರುವುದು ಸುಲಭ. ರೂಪಿಕಾ ದಾರಿಯನ್ನೂ ಮಾಡಿಕೊಟ್ಟಿದ್ದಾಳೆ. ಆದರೆ ಸುಮ್ಮನಿದ್ದರೆ ಅಷ್ಟೂ ಹೆಂಗಸರ ಮಾತು ಪೂರ್ತಿಯಾಗಿ ಅವನೊಬ್ಬನ ತಲೆಯ ಮೇಲೆ ಹೋಗಿ ಬೀಳುತ್ತದೆ, ಅವಳು ಪಕ್ಕದಲ್ಲಿ ನಿಂತು ನೋಡಿದ ಹಾಗಾಗುತ್ತದೆ.

ಹಿಟ್ಟು ಬಣ್ಣ ತಿರುಗಿ ಘಮ್ಮೆಂದಿತು. ಬಾಣಲೆ ಇಳಿಸಿ, ಜರಡಿಗೆ ಸುರಿದು, ಬಿಸಿ ಹಿಟ್ಟನ್ನು ಬೆರಳ ತುದಿಯಲ್ಲಿ ಹರಡಿದಳು. ಅಷ್ಟರಲ್ಲಿ ಅವಳಿಗೆ ನಿಶ್ಚಯವಾಗಿತ್ತು. ಸುಮ್ಮನಿರುವುದಿಲ್ಲ. ಉಳಿದವರು ಎರಡನೆಯದನ್ನು ಕೂಗುವ ಹೊತ್ತಿಗೆ, ಅವರ ದನಿಯ ಮರೆಯಲ್ಲಿ, ಅವಳು ಮೊದಲು ತನ್ನ ಹೆಸರು ಹೇಳುತ್ತಾಳೆ. ಅಪ್ಪ ಇಟ್ಟ ಪೂರ್ತಿ ಹೆಸರು, ಶಾಲೆಯ ಪುಸ್ತಕದಲ್ಲಿದ್ದದ್ದು, ದೇವರಿಗೆ ಗೊಂದಲವಾಗದ ಹಾಗೆ. ಪೊಟ್ಟಣದ ಜೊತೆ ಮನೆಮನೆಗೂ ವೋಟು ಕೇಳಿ ಕಳಿಸಿದವಳು ನಾನೂ ಹೌದು, ಅವನಿಗೆ ಬರಬೇಕಾದದ್ದರಲ್ಲಿ ಅರ್ಧ ನನ್ನ ಪಾಲು, ಹಂಚಿ ಕೊಡು ಎನ್ನುತ್ತಾಳೆ. ಇಬ್ಬರು ಹೊತ್ತರೆ ಎಂಥದೂ ಸ್ವಲ್ಪ ಹಗುರವೇ.

ಗೇಟಿನ ಹತ್ತಿರ ಸಿಲಿಂಡರ್ ನೆಲಕ್ಕೆ ತಾಗುವ ಸದ್ದಾಯಿತು. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಖಾಲಿ.

"ಇವತ್ತು ಲಾರಿಯೇ ಬರಲಿಲ್ಲ," ಅಂದ ವಿಮಲದಾಸ ಒಳಗೆ ಬಂದು. ಈ ಸಲ ಅವನು ಹೇಳಿದ್ದು ನಿಜವೇ ಇತ್ತು. "ಏನು ಯೋಚನೆ ಮಾಡ್ತಾ ಕೂತಿದೀಯಾ?"

"ಏನಿಲ್ಲ," ಅಂದಳು ಅವಳು. "ಕಾಲು ತೊಳ್ಕೊಂಡು ಬನ್ನಿ. ಟೀ ಮಾಡ್ತೀನಿ."